ಪಾದರಸದ ಊರು ಅಲ್ಮದೇನ್

ಸ್ಪೇನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್‌ನಿಂದ ನೈಋತ್ಯಕ್ಕೆ ಹೊರಟು, ಡಾನ್ ಕ್ವಿಕ್ಸೋಟನ ಕಥೆಯಿಂದ ಲೋಕಪ್ರಸಿದ್ಧವಾದ ಲಾ ಮಾಂಚಾ ಬಯಲುನಾಡನ್ನು ದಾಟಿ ಮುಂದುವರಿದರೆ, ಸಿಯೆರ್ರಾ ಮೊರೇನಾ ಬೆಟ್ಟಸಾಲಿನ ಉತ್ತರದ ಅಂಚು ಎದುರಾಗುವುದು. ಓಕ್ ಮರಗಳ ವಿರಳವಾದ ಕಾಡು, ಕುರಿ ಹಂದಿಗಳು ಮೇಯುವ ಹುಲ್ಲುಗಾವಲು, ಬೇಸಿಗೆಯಲ್ಲಿ ಬೆಂಕಿಯಂತೆ ಕಾಯುವ ಬಂಡೆಗಳು. ಈ ಒಣನೆಲದ ನಡುವೆ, ಒಂದು ದಿಣ್ಣೆಯ ಮೇಲೆ ಉದ್ದುದ್ದಕ್ಕೆ ಹಬ್ಬಿ ನಿಂತ ಬಿಳಿಯ ಮನೆಗಳ ಚಿಕ್ಕ ಊರೇ ಅಲ್ಮದೇನ್. ಇಂದು ಅಲ್ಲಿ ವಾಸವಾಗಿರುವವರ ಸಂಖ್ಯೆ ಐದು ಸಾವಿರದ ಆಸುಪಾಸಿನಲ್ಲಿದೆ. ಟೊಲೇಡೊ ನಗರದ ಮಹಾ ಇಗರ್ಜಿಯಾಗಲಿ, ಗ್ರನಾಡಾ ನಗರದ ಅರಮನೆಯಾಗಲಿ ಇಲ್ಲಿಲ್ಲ. ಪ್ರವಾಸಿಗಳ ಕೈಪಿಡಿಗಳಲ್ಲಿ ಬಹುಕಾಲ ಈ ಊರಿಗೆ ಒಂದೆರಡು ಸಾಲುಗಳ ಸ್ಥಾನವೂ ದೊರೆತಿರಲಿಲ್ಲ.

ಆದರೂ ಜ್ವರ ಬಂದಾಗ ನಾಲಗೆಯಡಿ ಇಟ್ಟುಕೊಳ್ಳುತ್ತಿದ್ದ ಗಾಜಿನ ಕಡ್ಡಿಯಿಂದ ಹಿಡಿದು, ಚಕ್ರವರ್ತಿಗಳ ಬೊಕ್ಕಸ ತುಂಬಿದ ಬೆಳ್ಳಿಯವರೆಗೆ ಈ ಊರಿನ ನೆರಳು ಬೀಳದ ದೇಶವೇ ಇಲ್ಲವೆನ್ನಬಹುದು. ಮಾನವಕುಲವು ಇದುವರೆಗೆ ಬಳಸಿರುವ ಪಾದರಸದಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು, ಎಂದರೆ ಸುಮಾರು ಎರಡೂವರೆ ಲಕ್ಷ ಟನ್ನುಗಳಷ್ಟು, ಈ ಒಂದೇ ಊರಿನ ನೆಲದಡಿಯಿಂದ ಬಂದಿತು. ಊರಿನ ಹೆಸರೇ ಅದಕ್ಕೆ ಸಾಕ್ಷಿ. ಅರಬ್ಬೀ ಭಾಷೆಯ ‘ಅಲ್-ಮಾದಿನ್’ ಎಂಬ ಮಾತಿಗೆ ‘ಗಣಿ’ ಎಂದರ್ಥ. ಗಣಿಯೇ ಊರು, ಊರೇ ಗಣಿ.

ಎರಡು ಸಾವಿರ ವರ್ಷಗಳ ಈ ಊರಿನ ಚರಿತ್ರೆಯಲ್ಲಿ ಒಡೆಯರು ಎಷ್ಟೋ ಬಾರಿ ಬದಲಾದರು. ರೋಮನರು, ಅರಬರು, ಕ್ರೈಸ್ತ ಯೋಧಸಂಘದವರು, ಜರ್ಮನ್ ಸಾಹುಕಾರರು, ಸ್ಪೇನಿನ ಅರಸರು, ಲಂಡನ್ನಿನ ಲೇವಾದೇವಿದಾರರು ಒಬ್ಬರಾದ ಮೇಲೊಬ್ಬರಂತೆ ಬಂದು ಹೋದರು. ಬದಲಾಗದೆ ಉಳಿದುದು ಒಂದೇ ಸಂಗತಿ. ನೆಲದಿಂದ ಎತ್ತುತ್ತಿರುವುದು ವಿಷವೆಂಬುದು ಮೊದಲಿನಿಂದಲೂ ಎಲ್ಲರಿಗೂ ತಿಳಿದಿದ್ದಿತು. ತಿಳಿವಳಿಕೆಯ ಕೊರತೆಯಿಂದ ಅಲ್ಲಿ ಯಾರೂ ಸಾಯಲಿಲ್ಲ. ಆ ವಿಷವನ್ನು ಯಾರ ಮೈಗೆ ಹಂಚಬೇಕೆಂಬುದೇ ಪ್ರತಿಯೊಂದು ಕಾಲದಲ್ಲಿಯೂ ಎದ್ದ ಪ್ರಶ್ನೆ.

ರೋಮಿನ ಗೋಡೆಗಳಿಗೆ ಕೆಂಪು

ಪಾದರಸದ ಮುಖ್ಯ ಅದಿರು ಇಂಗಳೀಕ. ನಮ್ಮ ರಸಶಾಸ್ತ್ರದವರು ಹಿಂಗುಳವೆಂದು ಕರೆಯುವುದೂ ಇದನ್ನೇ. ಪಾದರಸವೂ ಗಂಧಕವೂ ಕೂಡಿ ಆದ ಈ ಕಲ್ಲಿನ ತೂಕದಲ್ಲಿ, ಅದು ಶುದ್ಧವಾಗಿದ್ದರೆ, ನೂರಕ್ಕೆ 86 ಪಾಲು ಪಾದರಸವೇ ಇರುವುದು. ಅರೆದರೆ ಇದು ಕಣ್ಣು ಕೋರೈಸುವ ಕೆಂಪು ಬಣ್ಣವಾಗುತ್ತದೆ. ಪ್ರಾಚೀನ ರೋಮನರಿಗೆ ಬೇಕಾಗಿದ್ದುದು ದ್ರವಲೋಹಕ್ಕಿಂತ ಹೆಚ್ಚಾಗಿ ಈ ಬಣ್ಣವೇ. ಸಿರಿವಂತರ ಮನೆಗಳ ಗೋಡೆಗೆ ಇದನ್ನು ಬಳಿಸುವುದು ಐಶ್ವರ್ಯದ ಕುರುಹಾಗಿದ್ದಿತು. ಜ್ವಾಲಾಮುಖಿಯ ಬೂದಿಯಲ್ಲಿ ಹುದುಗಿಹೋದ ಪಾಂಪೆಯ ಮನೆಗಳಲ್ಲಿ ಈ ಕೆಂಪು ಈಗಲೂ ಕಾಣಸಿಗುತ್ತದೆ.

ಅಂದು ಈ ಸೀಮೆಯ ಮುಖ್ಯ ಪಟ್ಟಣದ ಹೆಸರು ಸಿಸಾಪೊ. ಅಲ್ಮದೇನಿಗೆ ಅನತಿದೂರದಲ್ಲಿ ಅದರ ಅವಶೇಷಗಳನ್ನು ಪ್ರಾಕ್ತನ ಶೋಧಕರು ಅಗೆದು ತೆಗೆದಿದ್ದಾರೆ. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ವಿದ್ವಾಂಸನಾದ ಪ್ಲಿನಿಯು ತನ್ನ ‘ನಿಸರ್ಗ ಚರಿತ್ರೆ’ ಎಂಬ ಮಹಾಗ್ರಂಥದಲ್ಲಿ ಸಿಸಾಪೊ ಗಣಿಯ ವಿಷಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅಷ್ಟು ಬಿಗಿ ಕಾವಲಿನ ಸರಕು ಮತ್ತೊಂದಿರಲಿಲ್ಲವಂತೆ. ಅದಿರನ್ನು ಸ್ಥಳದಲ್ಲಿಯೇ ಶುದ್ಧಿಮಾಡಲು ಅಪ್ಪಣೆಯಿರಲಿಲ್ಲ. ಮುದ್ರೆಯೊತ್ತಿ ರೋಮಿಗೆ ಕಳುಹಿಸಬೇಕಾಗಿದ್ದಿತು. ವರ್ಷಕ್ಕೆ ಸುಮಾರು 2,000 ರೋಮನ್ ಪೌಂಡುಗಳಷ್ಟು ಹೀಗೆ ಹೋಗುತ್ತಿದ್ದಿತು. ಬೆಲೆ ಮೇರೆಮೀರದಂತೆ ಪೌಂಡಿಗೆ 70 ಸೆಸ್ಟರ್ಸ್ ನಾಣ್ಯಗಳೆಂದು ಕಾನೂನೇ ಗೊತ್ತುಮಾಡಿದ್ದಿತು. ಆದರೂ ಕಲಬೆರಕೆ ತಪ್ಪಿರಲಿಲ್ಲವೆಂದು ಪ್ಲಿನಿ ಬೇಸರಪಡುತ್ತಾನೆ.

ಅವನ ಬರಹದಲ್ಲಿ ಬೆಲೆ, ತೂಕಗಳಿಗಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಈ ಬಣ್ಣವನ್ನು ತಯಾರಿಸುವ ಕೆಲಸಗಾರರು, ಮಾರಕವಾದ ಧೂಳು ಮೂಗಿಗೆ ಹೋಗದಿರಲೆಂದು, ಪ್ರಾಣಿಗಳ ಮೂತ್ರಕೋಶದ ತೆಳುವಾದ ಚರ್ಮವನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರು. ಅದರ ಮೂಲಕ ಅವರಿಗೆ ಮಬ್ಬಾಗಿ ಕಣ್ಣು ಕಾಣಿಸುತ್ತಿದ್ದಿತು. ಇಂಗಳೀಕವನ್ನು ಔಷಧವೆಂದು ಕೊಡುವ ವೈದ್ಯರನ್ನೂ ಪ್ಲಿನಿ ಎಚ್ಚರಿಸಿದ್ದಾನೆ. ಎಂದರೆ ಸುಮಾರು 1,950 ವರ್ಷಗಳ ಹಿಂದೆಯೇ ವಿಷದ ಅರಿವೂ ಇದ್ದಿತು, ಅದಕ್ಕೊಂದು ಮುಖವಾಡವೂ ಇದ್ದಿತು.

ಅರಬರು ಇಟ್ಟ ಹೆಸರು

ಎಂಟನೆಯ ಶತಮಾನದಲ್ಲಿ ಸ್ಪೇನಿನ ಬಹುಭಾಗ ಅರಬರ ವಶವಾಯಿತು. ಊರಿಗೆ ಇಂದಿನ ಹೆಸರು ಬಂದುದು ಅವರಿಂದಲೇ. ಸ್ಪ್ಯಾನಿಷ್ ಭಾಷೆಯಲ್ಲಿ ಪಾದರಸಕ್ಕೆ ಹಿಂದಿನಿಂದ ಬಂದ ‘ಅಸೋಗೆ’ ಎಂಬ ಹೆಸರೂ ಅರಬ್ಬೀ ಮೂಲದ್ದು. ಬಣ್ಣಕ್ಕಿಂತ ದ್ರವಲೋಹದ ಕಡೆಗೆ ಅವರ ಆಸಕ್ತಿ ಹೆಚ್ಚು. ಕಾರ್ಡೊಬಾ ನಗರದ ಖಲೀಫನಾದ ಮೂರನೆಯ ಅಬ್ದುರ್ ರಹಮಾನನು ಹತ್ತನೆಯ ಶತಮಾನದಲ್ಲಿ ಮದೀನತ್ ಅಜ್-ಜಹರಾ ಎಂಬ ಅರಮನೆಯ ನಗರವನ್ನು ಕಟ್ಟಿಸಿದನಷ್ಟೆ. ಅಲ್ಲಿಯ ಒಂದು ಸಭಾಮಂಟಪದ ನಡುವೆ ಪಾದರಸ ತುಂಬಿದ ಕೊಳವಿದ್ದಿತೆಂದು ಅರಬ್ ಚರಿತ್ರಕಾರರು ಬಣ್ಣಿಸಿದ್ದಾರೆ. ಹೊರನಾಡಿನ ದೂತರು ಬಂದಾಗ ಸೇವಕನು ಕೊಳವನ್ನು ಅಲುಗಾಡಿಸಿದರೆ, ಬಿಸಿಲಿನ ಪ್ರತಿಬಿಂಬ ಗೋಡೆ ಛಾವಣಿಗಳ ಮೇಲೆಲ್ಲ ಮಿಂಚಿನಂತೆ ಓಡಿ, ಮಂಟಪವೇ ತಿರುಗುತ್ತಿದೆಯೋ ಎಂಬ ಭ್ರಮೆ ಹುಟ್ಟುತ್ತಿದ್ದಿತಂತೆ.

ಹನ್ನೆರಡನೆಯ ಶತಮಾನದ ಭೂಗೋಳಜ್ಞ ಅಲ್-ಇದ್ರೀಸಿಯು ಈ ಗಣಿಯ ಆಳವನ್ನು ಹೇಳಿ ಬೆರಗುಪಟ್ಟಿದ್ದಾನೆ. ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಕೆಲವರು ಕೆಳಗಿಳಿದು ಕಲ್ಲು ಒಡೆಯುವರು, ಕೆಲವರು ಸೌದೆ ತರುವರು, ಕೆಲವರು ಮಡಕೆಗಳನ್ನು ಮಾಡುವರು, ಕೆಲವರು ಕುಲುಮೆಗಳನ್ನು ನೋಡಿಕೊಳ್ಳುವರು. ಮಂಟಪದ ಮಿಂಚನ್ನು ಕಂಡ ದೂತರಿಗೆ ಈ ಸಾವಿರ ಜನರ ನೆನಪು ಬಂದಿರಲಾರದು.

ಹನ್ನೆರಡನೆಯ ಶತಮಾನದಲ್ಲಿಯೇ ಈ ಸೀಮೆ ಕ್ಯಾಸ್ಟೀಲಿನ ಕ್ರೈಸ್ತ ಅರಸರ ಕೈಸೇರಿತು. ಯುದ್ಧದಲ್ಲಿ ನೆರವಾದ ಕಲತ್ರಾವಾ ಯೋಧಸಂಘಕ್ಕೆ ಅರಸರು ಗಣಿಯ ಪಾಲನ್ನು ದಾನವಾಗಿ ಕೊಟ್ಟರು. ಮುಂದೆ 1523ರಲ್ಲಿ ಯೋಧಸಂಘಗಳ ಒಡೆತನವೆಲ್ಲ ಸ್ಪೇನಿನ ಸಿಂಹಾಸನಕ್ಕೆ ಸೇರಿದಾಗ, ಅಲ್ಮದೇನೂ ಅರಸನ ಸ್ವತ್ತಾಯಿತು.

ಬೆಳ್ಳಿಯ ಕೀಲಿಕೈ

ಅಂದಿನ ಅರಸ ಚಕ್ರವರ್ತಿ ಐದನೆಯ ಚಾರ್ಲ್ಸ್. ಅವನ ರಾಜ್ಯದಷ್ಟೇ ಅವನ ಸಾಲವೂ ದೊಡ್ಡದು. 1519ರಲ್ಲಿ ಚಕ್ರವರ್ತಿಪದವಿಗೆ ಆರಿಸಿಬರಲು ಜರ್ಮನಿಯ ಆಗ್ಸ್‌ಬರ್ಗ್ ನಗರದ ಫುಗ್ಗರ್ ಮನೆತನದವರಿಂದ ಅವನು ಅಪಾರ ಹಣವನ್ನು ಪಡೆದಿದ್ದನು. ಸಾಲದ ತೀರುವಳಿಗೆಂದು ಯೋಧಸಂಘಗಳ ಉತ್ಪತ್ತಿಯನ್ನು ಅವರಿಗೆ ಗುತ್ತಿಗೆ ಕೊಟ್ಟನು. ಅದರೊಡನೆ ಅಲ್ಮದೇನ್ ಗಣಿಯೂ 1525ರಲ್ಲಿ ಅವರ ಕೈಸೇರಿ, ನಡುನಡುವೆ ಬಿಟ್ಟು ಹಿಡಿದು 1645ರವರೆಗೂ ಅವರಲ್ಲಿಯೇ ಉಳಿಯಿತು.

ಗಣಿಯ ಹಣೆಬರಹ ಬದಲಾದುದು ಸಾಗರದಾಚೆ. 1550ರ ದಶಕದ ನಡುವೆ ಮೆಕ್ಸಿಕೋದ ಪಚೂಕಾ ಎಂಬಲ್ಲಿ ಬಾರ್ತಲೋಮೆ ದೆ ಮೆದೀನ ಎಂಬುವನು ಬೆಳ್ಳಿ ತೆಗೆಯುವ ಹೊಸ ವಿಧಾನವೊಂದನ್ನು ಬಳಕೆಗೆ ತಂದನು. ಅದಿರನ್ನು ನುಣ್ಣಗೆ ಪುಡಿಮಾಡಿ, ನೀರು ಉಪ್ಪುಗಳೊಡನೆ ಕೆಸರಿನಂತೆ ಕಲಸಿ, ಅಂಗಳದಲ್ಲಿ ಹರವಿ, ಅದರ ಮೇಲೆ ಪಾದರಸವನ್ನು ಚಿಮುಕಿಸಿ ವಾರಗಟ್ಟಲೆ ತುಳಿಸುವುದು. ಪಾದರಸವು ಬೆಳ್ಳಿಯನ್ನು ಹಿಡಿದುಕೊಂಡ ಮೇಲೆ ತೊಳೆದು ಕಾಯಿಸಿದರೆ, ಪಾದರಸ ಆವಿಯಾಗಿ ಹೋಗಿ ಬೆಳ್ಳಿ ಉಳಿಯುವುದು. ಸೌದೆಯ ಅಭಾವವಿದ್ದ ಕಡೆ, ಬೆಳ್ಳಿಯ ಅಂಶ ಅಲ್ಪವಾಗಿದ್ದ ಅದಿರಿಗೆ, ಇದು ವರವಾಗಿ ಪರಿಣಮಿಸಿತು. ಆದರೆ ಪಾದರಸವಿಲ್ಲದೆ ಒಂದು ಹೆಜ್ಜೆಯೂ ಮುಂದೆ ಸಾಗದು. ಪೆರು ದೇಶದ ಉವಂಕವೆಲಿಕಾದಲ್ಲಿ ಪಾದರಸದ ಗಣಿ ಪತ್ತೆಯಾದರೂ, ಮೆಕ್ಸಿಕೋಗೆ ಅಲ್ಮದೇನೇ ಮುಖ್ಯ ಆಧಾರವಾಯಿತು.

ಸ್ಪೇನಿನ ಅರಸರು ಪಾದರಸದ ವ್ಯಾಪಾರವನ್ನು ತಮ್ಮ ಏಕಸ್ವಾಮ್ಯವನ್ನಾಗಿ ಮಾಡಿಕೊಂಡರು. ಅದರಲ್ಲೊಂದು ಜಾಣತನವೂ ಇದ್ದಿತು. ಯಾವ ಗಣಿಗೆ ಎಷ್ಟು ಪಾದರಸ ಹೋಯಿತೆಂಬ ಲೆಕ್ಕ ಕೈಯಲ್ಲಿದ್ದರೆ, ಅಲ್ಲಿ ಎಷ್ಟು ಬೆಳ್ಳಿ ಬಂದಿರಬೇಕೆಂಬುದೂ ತಿಳಿಯುವುದು. ಅರಸನ ತೆರಿಗೆಯನ್ನು ತಪ್ಪಿಸುವುದು ಗಣಿಗಾರರಿಗೆ ಕಷ್ಟವಾಗುವುದು. ಕುರಿಯ ಚರ್ಮದ ಚೀಲಗಳಲ್ಲಿ ಪಾದರಸವನ್ನು ಬಿಗಿದು ಕಟ್ಟಿ, ಹೇಸರಗತ್ತೆಗಳ ಮೇಲೂ ಎತ್ತಿನ ಗಾಡಿಗಳಲ್ಲಿಯೂ ಬೆಟ್ಟ ದಾಟಿಸಿ ಸೆವಿಲ್ ನಗರಕ್ಕೆ ತರುತ್ತಿದ್ದರು. ಅಲ್ಲಿಂದ ಹಡಗುಗಳು ಮೆಕ್ಸಿಕೋದ ಬಂದರಿಗೆ ಹೊರಡುತ್ತಿದ್ದವು. 1724ರ ಆಗಸ್ಟಿನಲ್ಲಿ ಇಂತಹ ಎರಡು ಹಡಗುಗಳು ಸುಮಾರು 400 ಟನ್ ಪಾದರಸದೊಡನೆ ಕೆರೀಬಿಯನ್ ಸಾಗರದ ಹಿಸ್ಪಾನಿಯೋಲ ದ್ವೀಪದ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿ, ನೂರಾರು ಜನ ಜಲಸಮಾಧಿಯಾದರು.

ಹೀಗೆ ದೊರೆತ ಬೆಳ್ಳಿ ಸ್ಪೇನಿನಲ್ಲಿಯೇ ನಿಲ್ಲಲಿಲ್ಲ. ಯುದ್ಧಗಳ ಖರ್ಚಿಗೂ ಸಾಲದ ಬಡ್ಡಿಗೂ ಯೂರೋಪಿನಲ್ಲೆಲ್ಲ ಹರಿಯಿತು. ಮಸಾಲೆ, ಹತ್ತಿಬಟ್ಟೆ, ನೀಲಿಗಳ ಬೆಲೆಯಾಗಿ ಸೂರತ್ ಮೊದಲಾದ ಭಾರತದ ಬಂದರುಗಳಿಗೂ ಬಂದು, ಮೊಗಲರ ಟಂಕಸಾಲೆಗಳಲ್ಲಿ ಕರಗಿ ರೂಪಾಯಿಯಾಯಿತು. ಆ ನಾಣ್ಯಗಳನ್ನು ಎಣಿಸಿದ ಕೈಗಳಿಗೂ ಅಲ್ಮದೇನಿನ ಗಣಿಯಲ್ಲಿ ನಡುಗುತ್ತಿದ್ದ ಕೈಗಳಿಗೂ ಅಗೋಚರವಾದ ನಂಟೊಂದು ಇದ್ದೇ ಇದ್ದಿತು.

1593ರ ರಹಸ್ಯ ವಿಚಾರಣೆ

ಪಾದರಸದ ಬೇಡಿಕೆ ಹೆಚ್ಚಿದಂತೆ ಆಳುಗಳ ಅಭಾವ ತಲೆದೋರಿತು. ಬಲ್ಲವರು ಯಾರೂ ಆ ಗಣಿಗೆ ಇಳಿಯಲೊಪ್ಪರು. ಆಗ ಫುಗ್ಗರರು ಅರಸನಲ್ಲಿ ಬೇಡಿಕೆ ಸಲ್ಲಿಸಿದರು. ಹಡಗುಗಳಲ್ಲಿ ಹುಟ್ಟುಹಾಕುವ ಶಿಕ್ಷೆಗೆ ಗುರಿಯಾದ ಅಪರಾಧಿಗಳಲ್ಲಿ 30 ಮಂದಿಯನ್ನು ಗಣಿಗೆ ಕೊಡಲು 1566ರಲ್ಲಿ ಒಪ್ಪಿಗೆ ದೊರೆಯಿತು. ಕೈದಿಗಳ ಸಾಲು ಅಂದಿನಿಂದ ಪ್ರಾರಂಭವಾಯಿತು. ಮುಂದಿನ ಶತಮಾನದಲ್ಲಿ ಉತ್ತರ ಆಫ್ರಿಕದಿಂದ ಹಿಡಿದು ತಂದ ಗುಲಾಮರೂ ಅದಕ್ಕೆ ಸೇರಿದರು.

ಕೈದಿಗಳ ಸಾವುನೋವುಗಳ ವಾರ್ತೆ ರಾಜಧಾನಿಗೂ ಮುಟ್ಟಿ, 1593ರಲ್ಲಿ ಗುಟ್ಟಾಗಿ ವಿಚಾರಣೆ ನಡೆಸಲು ಒಬ್ಬ ಅಧಿಕಾರಿಯನ್ನು ಅಲ್ಲಿಗೆ ಅಟ್ಟಲಾಯಿತು. ಆತನ ಹೆಸರು ಮತೆಯೊ ಅಲೆಮಾನ್. ಮುಂದೆ 1599ರಲ್ಲಿ ‘ಗುಜ್ಮಾನ್ ದೆ ಅಲ್ಫರಾಚೆ’ ಎಂಬ ಕಾದಂಬರಿಯನ್ನು ಬರೆದು ಯೂರೋಪಿನಲ್ಲೆಲ್ಲ ಹೆಸರಾದ ಸಾಹಿತಿಯೇ ಇವನು. ಆ ಕಾದಂಬರಿಯ ನಾಯಕನೂ ಹುಟ್ಟುಹಾಕುವ ಶಿಕ್ಷೆಗೆ ಒಳಗಾದ ಒಬ್ಬ ಕೈದಿ!

ಅಲೆಮಾನ್ ಒಬ್ಬೊಬ್ಬ ಕೈದಿಯನ್ನೂ ಪ್ರಮಾಣಮಾಡಿಸಿ ಕೇಳಿ, ಅವರು ಹೇಳಿದುದನ್ನು ಬರೆಯಿಸಿದನು. ಗಣಿಯ ತಳದಲ್ಲಿ ನಿಲ್ಲದೆ ಊರುವ ನೀರನ್ನು ಹೊರಹಾಕಲು ರಾಟೆಗಳನ್ನು ತಿರುಗಿಸುವುದು ಅವರ ಒಂದು ಕೆಲಸ. ಗೊತ್ತುಮಾಡಿದಷ್ಟು ನೀರು ಎತ್ತದವನಿಗೆ ಚಾವಟಿಯ ಏಟು. ಅದಕ್ಕಿಂತ ಭೀಕರವಾದುದು ಕುಲುಮೆಯ ಕೆಲಸ. ಕಾದ ಕುಲುಮೆಗಳ ಬಳಿ ಮಡಕೆಗಳನ್ನು ತೆಗೆಯುವಾಗ, ಬೂದಿ ಜಾಲಿಸುವಾಗ ಪಾದರಸದ ಹೊಗೆ ನೇರವಾಗಿ ಎದೆಗಿಳಿಯುತ್ತಿದ್ದಿತು. ವಸಡು ಕೊಳೆತು ಹಲ್ಲು ಉದುರುವುದು, ಬಾಯಿಂದ ಜೊಲ್ಲು ಸುರಿಯುವುದು, ಕೈಕಾಲು ನಡುಗಿ ಅನ್ನದ ತುತ್ತು ಬಾಯಿಗೆ ಹೋಗದಿರುವುದು, ಕೊನೆಗೆ ಬುದ್ಧಿಭ್ರಮಣೆ. ಸ್ಪ್ಯಾನಿಷ್ ಭಾಷೆಯಲ್ಲಿ ಇಂತಹವರನ್ನು ‘ಅಸೋಗಾದೊ’, ಎಂದರೆ ಪಾದರಸ ಹಿಡಿದವರು, ಎಂದು ಕರೆಯುತ್ತಾರೆ. ಒಂದೆಡೆ ನಿಲ್ಲಲಾರದೆ ಚಡಪಡಿಸುವವನಿಗೆ ಆ ಭಾಷೆಯಲ್ಲಿ ಈಗಲೂ ಈ ಮಾತು ಸಲ್ಲುತ್ತದೆ.

ಆ ವಿಚಾರಣೆಯ ಕಾಗದಗಳು ದಫ್ತರಗಳಲ್ಲಿ ಮಲಗಿದ್ದು, ಇಪ್ಪತ್ತನೆಯ ಶತಮಾನದಲ್ಲಷ್ಟೇ ಅಚ್ಚಾಗಿ ಬೆಳಕು ಕಂಡವು. ಕೈದಿಗಳ ದುಡಿಮೆಯೋ ಹತ್ತೊಂಬತ್ತನೆಯ ಶತಮಾನದ ಹೊಸ್ತಿಲವರೆಗೂ ನಿಲ್ಲಲಿಲ್ಲ. ಹದಿನೆಂಟನೆಯ ಶತಮಾನದ ನಡುವೆ ಅವರಿಗೆಂದು ಹೊಸ ಸೆರೆಮನೆಯನ್ನೇ ಕಟ್ಟಿಸಲಾಯಿತು. ಅಲ್ಲಿಂದ ಗಣಿಗೆ ನೆಲದಡಿಯಲ್ಲಿಯೇ ಸುರಂಗದ ದಾರಿ. ಕೈದಿಯು ಸೆರೆಯಿಂದ ದುಡಿಮೆಗೂ ದುಡಿಮೆಯಿಂದ ಸೆರೆಗೂ ಆಕಾಶವನ್ನು ನೋಡದೆಯೇ ಹೋಗಿ ಬರಬಹುದಾಗಿದ್ದಿತು.

ಕುಲುಮೆ, ಬೆಂಕಿ, ಆಸ್ಪತ್ರೆ

ಫುಗ್ಗರರು ತೆರಳಿದ ಮೇಲೆ, 1646ರಲ್ಲಿ, ಅಮೆರಿಕ ಖಂಡದಿಂದ ಒಂದು ವಿದ್ಯೆ ಅಲ್ಮದೇನಿಗೆ ತಿರುಗಿ ಬಂದಿತು. ಪೆರುವಿನಲ್ಲಿ ರೂಪುಗೊಂಡ ಹೊಸ ಮಾದರಿಯ ಕುಲುಮೆಯನ್ನು ಹುವಾನ್ ಅಲೋನ್ಸೊ ದೆ ಬುಸ್ತಮಾಂತೆ ಎಂಬಾತನು ಇಲ್ಲಿ ಕಟ್ಟಿಸಿದನು. ಅದಿರನ್ನು ಕಾಯಿಸಿದಾಗ ಏಳುವ ಆವಿಯು, ಎರಡು ಕೊನೆಯೂ ತೆರೆದ ಹೊಟ್ಟೆಯುಬ್ಬಿದ ಮಣ್ಣಿನ ಕೊಳವೆಗಳ ಸಾಲಿನಲ್ಲಿ ಹಾದುಹೋಗುವುದು. ಒಂದರ ಬಾಯಿ ಇನ್ನೊಂದರೊಳಗೆ ಸೇರಿಕೊಂಡಿರುವ ಈ ಸಾಲು ಇಳಿಜಾರಿನಲ್ಲಿದ್ದು, ಆವಿ ತಣಿದು ಹನಿಗಟ್ಟಿ, ತಗ್ಗಿನ ಕಡೆಗೆ ಬೆಳ್ಳಿಯ ಝರಿಯಂತೆ ಹರಿದು ಬರುವುದು. ಈ ಕುಲುಮೆಗಳು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಕೆಲಸ ಮಾಡಿದುವೆಂದರೆ ಅವುಗಳ ಉಪಯುಕ್ತತೆಯನ್ನು ಊಹಿಸಬಹುದು. ಆದರೆ ಕೊಳವೆಗಳ ಸಂದುಗಳಿಂದ ಸೋರುವ ಆವಿಯು ಊರಿನ ಗಾಳಿಯಲ್ಲಿ ಬೆರೆಯುವುದನ್ನು ತಡೆಯುವ ಉಪಾಯವಿರಲಿಲ್ಲ.

1717ರ ಸುಮಾರಿಗೆ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಆಂತ್ವಾನ್ ದ ಜೂಸ್ಸ್ಯೂ ಅಲ್ಮದೇನಿಗೆ ಬಂದನು. ಗಣಿಯ ಬಗ್ಗೆ ಅವನು 1719ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸೂಕ್ಷ್ಮವಾದ ಅವಲೋಕನವಿದೆ. ಕೂಲಿಗೆ ದುಡಿಯುವ ಸ್ವತಂತ್ರ ಜನರು ಕೆಲಸ ಮುಗಿದೊಡನೆ ಬಟ್ಟೆ ಬದಲಿಸುತ್ತಾರೆ, ಮೈ ತೊಳೆಯುತ್ತಾರೆ, ಮನೆಗೆ ಹೋಗಿ ಉಣ್ಣುತ್ತಾರೆ. ಅವರ ಆರೋಗ್ಯ ಇದ್ದುದರಲ್ಲಿ ಮೇಲು. ಕೈದಿಗಳಿಗೆ ಬದಲಾಯಿಸಲು ಬಟ್ಟೆಯಿಲ್ಲ, ತೊಳೆಯದ ಕೈಯಲ್ಲಿ ಗಣಿಯಲ್ಲಿಯೇ ಊಟ. ರೋಗ ಅವರನ್ನು ಬಿಡುವುದಿಲ್ಲ. ಒಂದು ಬಿಂದಿಗೆ ನೀರು, ಒಂದು ಜೊತೆ ಬಟ್ಟೆ: ಬದುಕಿಗೂ ನರಳಿಕೆಗೂ ನಡುವಿನ ಅಂತರ ಇಷ್ಟೇ ಆಗಿದ್ದಿತು.

ಸ್ವತಂತ್ರ ಕೂಲಿಗಾರರೂ ರೋಗದಿಂದ ಪಾರಾಗಿರಲಿಲ್ಲ. ಅವರಿಗಾಗಿ ಸಂತ ರಫಾಯೆಲನ ಹೆಸರಿನ ಆಸ್ಪತ್ರೆಯೊಂದು 1752ರಲ್ಲಿ ಸ್ಥಾಪಿತವಾಯಿತು. ಅದಕ್ಕೆ ಹಣ ಕೂಡಿಸಿದ ಬಗೆ ಸ್ವಾರಸ್ಯವಾಗಿದೆ. ಊರಿನಲ್ಲಿ ಗೂಳಿಕಾಳಗದ ಕಣವನ್ನು ಕಟ್ಟಿ, ಅದರ ಸುತ್ತ 24 ಮನೆಗಳನ್ನು ಜೋಡಿಸಿದರು. ವಸತಿಯಿಲ್ಲದ ಗಣಿಗಾರರಿಗೆ ಮನೆಯಾಯಿತು. ಬಾಡಿಗೆಯೂ ಕಾಳಗದ ಉತ್ಪತ್ತಿಯೂ ಆಸ್ಪತ್ರೆಗೆ ಸಂದವು. ಗೂಳಿಕಾಳಗದ ಕಣಗಳು ಸಾಮಾನ್ಯವಾಗಿ ದುಂಡಗಿರುತ್ತವೆ. ಅಲ್ಮದೇನಿನದು ಆರು ಮೂಲೆಯದು. ಅದು ಈಗಲೂ ಊರಿನ ನಡುವೆ ನಿಂತಿದೆ.

ಆಸ್ಪತ್ರೆಯ ಕಟ್ಟಡದ ಕೆಲಸ ನಡೆಯುತ್ತಿದ್ದಾಗಲೇ ಮಹಾವಿಪತ್ತೊಂದು ಬಂದೆರಗಿತು. 1755ರ ಜನವರಿಯಲ್ಲಿ ಗಣಿಯೊಳಗೆ ಬೆಂಕಿ ಹತ್ತಿಕೊಂಡಿತು. ಸುರಂಗಗಳ ಛಾವಣಿಗೆ ಆಸರೆಯಾಗಿದ್ದ ಮರದ ತೊಲೆಗಳೇ ಅದಕ್ಕೆ ಆಹಾರ. ಎರಡು ವರ್ಷಗಳಿಗೂ ಮಿಕ್ಕು ಬೆಂಕಿ ಆರಲಿಲ್ಲ. ಆ ಮೇಲೆ ಮರದ ಜಾಗದಲ್ಲಿ ಇಟ್ಟಿಗೆ ಕಲ್ಲುಗಾರೆಯ ಕಮಾನುಗಳು ಕ್ರಮೇಣ ಬಂದವು. ಇಂದು ಕೆಳಗಿಳಿದು ನೋಡುವವರಿಗೆ ಅವು ನೆಲಮಾಳಿಗೆಯ ದೇವಾಲಯವನ್ನು ನೆನಪಿಗೆ ತರುತ್ತವೆ.

ಆ ಕಾಲದಲ್ಲಿ ಅಲ್ಮದೇನಿನ ವೈದ್ಯನಾಗಿದ್ದವನು ಹೊಸೆ ಪಾರೆಸ್ ಇ ಫ್ರಾಂಕೆಸ್. ವರ್ಷಗಟ್ಟಲೆ ಗಣಿಗಾರರ ನಾಡಿ ಹಿಡಿದು ಕಂಡುದನ್ನೆಲ್ಲ ಆತ 1778ರಲ್ಲಿ ಒಂದು ಗ್ರಂಥವಾಗಿ ಬರೆದನು. ಪಾದರಸದ ಗಣಿಗಳ ರೋಗಗಳನ್ನು ಅದರ ಹೆಸರಿನಲ್ಲಿಯೇ ‘ಮಹಾವಿಪತ್ತು’ ಎಂದು ಕರೆದನು. ಅದಕ್ಕೆ ಒಂದು ವರ್ಷ ಮುಂಚೆ, 1777ರಲ್ಲಿ, ಮೂರನೆಯ ಕಾರ್ಲೋಸ್ ಅರಸನು ಊರಿನಲ್ಲಿ ಗಣಿವಿದ್ಯೆಯ ಶಾಲೆಯನ್ನು ತೆರೆಸಿದ್ದನು. ಜಗತ್ತಿನ ಅತಿ ಪ್ರಾಚೀನ ಗಣಿಶಾಲೆಗಳಲ್ಲಿ ಅದೊಂದು. 1801ರಲ್ಲಿ ಮೆಕ್ಸಿಕೋದಲ್ಲಿ ವನೇಡಿಯಂ ಧಾತುವನ್ನು ಕಂಡುಹಿಡಿದ ಆಂದ್ರೆಸ್ ಮಾನುವೆಲ್ ದೆಲ್ ರಿಯೊ ಇಲ್ಲಿ ಕಲಿತವನು.

ಸಾಹುಕಾರರ ಕೈಯಲ್ಲಿ

ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ವಸಾಹತುಗಳು ಸ್ಪೇನಿನ ಕೈಬಿಟ್ಟವು. ಬೆಳ್ಳಿ ಹೋದರೂ ಸಾಲ ಹೋಗಲಿಲ್ಲ. ಅಂತಃಕಲಹಗಳಿಂದ ಬಳಲಿದ ಸರಕಾರ 1835ರಲ್ಲಿ ಅಲ್ಮದೇನಿನ ಪಾದರಸವನ್ನು ಮಾರುವ ಹಕ್ಕನ್ನು ರಾತ್ಸ್‌ಚೈಲ್ಡ್ ಮನೆತನಕ್ಕೆ ಒಪ್ಪಿಸಿತು. ನಡುವೆ ಕೆಲವು ವರ್ಷಗಳನ್ನು ಬಿಟ್ಟರೆ 1921ರವರೆಗೂ ಲಂಡನ್ನಿನಲ್ಲಿ ಕುಳಿತ ಈ ಸಾಹುಕಾರರೇ ಜಗತ್ತಿನ ಪಾದರಸದ ಬೆಲೆಯನ್ನು ಬಹುಮಟ್ಟಿಗೆ ಗೊತ್ತುಮಾಡುತ್ತಿದ್ದರು. ಚರ್ಮದ ಚೀಲದ ಬದಲು ಕಬ್ಬಿಣದ ಸೀಸೆ ಬಂದಿತು. ಒಂದು ಸೀಸೆಗೆ 34.5 ಕಿಲೋಗ್ರಾಂ, ಸ್ಪೇನಿನ ಹಳೆಯ ತೂಕದಲ್ಲಿ ಮೂರು ‘ಅರೋಬಾ’. ಜಗತ್ತಿನಲ್ಲಿ ಪಾದರಸದ ಧಾರಣೆಯನ್ನು ಹೇಳುವಾಗ ಮುಂದೆಯೂ ಈ ಸೀಸೆಯೇ ಅಳತೆಯಾಗಿ ಉಳಿಯಿತು. ಕ್ಯಾಲಿಫೋರ್ನಿಯದಲ್ಲಿ ಪಾದರಸ ಸಿಕ್ಕಾಗ ಅಲ್ಲಿಯವರು ತಮ್ಮ ಗಣಿಗೆ ‘ನ್ಯೂ ಅಲ್ಮದೇನ್’ ಎಂದು ಹೆಸರಿಟ್ಟುದು ಈ ಊರಿನ ಕೀರ್ತಿಗೆ ಇನ್ನೊಂದು ನಿದರ್ಶನ.

ಕನ್ನಡಿ, ಉಷ್ಣಮಾಪಕ, ವಾಯುಭಾರಮಾಪಕ, ಬಂದೂಕಿನ ತೋಟಾಗಳ ಸಿಡಿಮದ್ದು, ಔಷಧ, ಹಡಗಿನ ಅಡಿಗೆ ಬಳಿಯುವ ಬಣ್ಣ ಹೀಗೆ ನೂರಾರು ಬಗೆಯಲ್ಲಿ ಪಾದರಸ ಬೇಕಾಯಿತು. ಯುದ್ಧ ಬಂದಾಗಲೆಲ್ಲ ಬೇಡಿಕೆ ಏರುವುದು.

ಪ್ಯಾರಿಸ್ಸಿನ ಕಾರಂಜಿ

1936ರಲ್ಲಿ ಸ್ಪೇನಿನ ಅಂತರ್ಯುದ್ಧ ಸ್ಫೋಟಿಸಿತು. ಅಲ್ಮದೇನ್ ಗಣರಾಜ್ಯ ಸರಕಾರದ ವಶದಲ್ಲಿ ಉಳಿಯಿತು. 1937ರಲ್ಲಿ ಪ್ಯಾರಿಸ್ಸಿನಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆದಾಗ, ಆ ಸರಕಾರವು ತನ್ನ ಸಂಕಟವನ್ನು ಲೋಕಕ್ಕೆ ತಿಳಿಸಲೆಂದು ಒಂದು ಮಂಟಪವನ್ನು ನಿರ್ಮಿಸಿತು. ಪಿಕಾಸೋವಿನ ‘ಗೆರ್ನಿಕಾ’ ಚಿತ್ರ ಮೊದಲು ಪ್ರದರ್ಶಿತವಾದುದು ಅಲ್ಲಿಯೇ. ಅದರ ಎದುರಿಗೆ ನಿಂತಿದ್ದುದು ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ರಚಿಸಿದ ಕಾರಂಜಿ. ಅದರಲ್ಲಿ ನೀರಿಗೆ ಬದಲು ಹರಿಯುತ್ತಿದ್ದುದು ಪಾದರಸ. ಬಾಗಿದ ತಟ್ಟೆಗಳ ಮೇಲಿನಿಂದ ಜಾರಿ ಬೀಳುವ ಹನಿಗಳ ಬಡಿತಕ್ಕೆ ಒಂದು ಕಂಬಿ ಅಲುಗಾಡುವುದು. ಅದರ ತುದಿಯಲ್ಲಿ ತಂತಿಯಿಂದ ಮಾಡಿದ ಅಕ್ಷರಗಳು ‘ಅಲ್ಮದೇನ್’ ಎಂದು ತೂಗಾಡುವುವು. ಗಣಿಯ ಜನರಿಗೆ ಸಂದ ಗೌರವ ಅದು.

ಒಂದು ಕಾಲದಲ್ಲಿ ಖಲೀಫನ ಅತಿಥಿಗಳನ್ನು ಬೆರಗುಗೊಳಿಸಿದ ಪಾದರಸ ಈಗ ಪ್ಯಾರಿಸ್ಸಿನ ಪ್ರೇಕ್ಷಕರನ್ನು ಮರುಳುಗೊಳಿಸಿತು. ಜನರು ಅದರೊಳಗೆ ನಾಣ್ಯಗಳನ್ನು ಎಸೆದು ಅವು ತೇಲುವುದನ್ನು ನೋಡಿ ಸಂತೋಷಪಡುತ್ತಿದ್ದರು. ಬಾರ್ಸಿಲೋನಾದ ಮೀರೊ ಪ್ರತಿಷ್ಠಾನದಲ್ಲಿ ಇಂದು ಆ ಕಾರಂಜಿಯನ್ನು ಕಾಣಬಹುದು. ಆದರೆ ಅದರ ಸುತ್ತ ಗಾಜಿನ ಗೋಡೆಯಿದೆ; ಆವಿ ಹೊರಬಾರದಂತೆ, ಕೈ ಒಳಹೋಗದಂತೆ.

ಯುದ್ಧ ಮುಗಿದು ಫ್ರಾಂಕೊವಿನ ಸರ್ವಾಧಿಕಾರ ನೆಲೆಗೊಂಡ ಮೇಲೆ, 1940ರ ದಶಕದಲ್ಲಿ, ಅಲ್ಮದೇನಿನ ಗಣಿಗೆ ಮತ್ತೆ ಕೈದಿಗಳು ಬಂದರು. ಈ ಬಾರಿಯವರು ಸೋತ ಪಕ್ಷದ ರಾಜಕೀಯ ಬಂದಿಗಳು. ಫುಗ್ಗರರ ಕಾಲದ ಪದ್ಧತಿ ಹೆಸರು ಬದಲಿಸಿಕೊಂಡು ತಿರುಗಿ ಬಂದಿದ್ದಿತು.

ಬಾಗಿಲು ಮುಚ್ಚಿದ ಗಣಿ

1960ರ ದಶಕದ ನಡುವೆ ಪಾದರಸದ ಬೆಲೆ ಶಿಖರಕ್ಕೇರಿತು. ಊರಿನ ಜನಸಂಖ್ಯೆ ಹತ್ತು ಸಾವಿರವನ್ನು ಮೀರಿದ್ದ ಕಾಲ ಅದು. ಅಷ್ಟರಲ್ಲಿ ಜಪಾನಿನಿಂದ ಬಂದ ವಾರ್ತೆ ಲೋಕದ ಕಣ್ಣು ತೆರೆಸುತ್ತಿದ್ದಿತು. ಮಿನಮಾಟ ಎಂಬ ಕಡಲಕರೆಯ ಪಟ್ಟಣದಲ್ಲಿ, ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸದ ಸಂಯುಕ್ತವು ಮೀನುಗಳ ಮೂಲಕ ಮನುಷ್ಯರನ್ನು ಸೇರಿ, ತಾಯಂದಿರ ಗರ್ಭದಲ್ಲಿದ್ದ ಶಿಶುಗಳನ್ನೂ ಬಿಡದೆ ಕಾಡಿದುದು 1956ರಿಂದೀಚೆಗೆ ಪ್ರಕಟವಾಯಿತು. ಗಣಿಯ ಆಳದಲ್ಲಿ ಅಡಗಿದ್ದ ರೋಗ ಊಟದ ತಟ್ಟೆಗೆ ಬಂದಾಗ ಲೋಕ ಬೆಚ್ಚಿಬಿದ್ದಿತು. ದೇಶದೇಶಗಳಲ್ಲಿ ನಿರ್ಬಂಧಗಳು ಬಂದವು, ಬೇಡಿಕೆ ಕುಸಿಯಿತು.

ಅಲ್ಮದೇನಿನ ಗಣಿಗಾರರಾದರೋ ತಮ್ಮ ಹೋರಾಟವನ್ನು ಬಿಟ್ಟಿರಲಿಲ್ಲ. 1984ರ ಬೇಸಿಗೆಯಲ್ಲಿ 11 ಮಂದಿ ಗಣಿಗಾರರು ಕೆಳಗಿಳಿದು, ಉತ್ತಮ ಸೌಕರ್ಯಗಳಿಗಾಗಿ ಪಟ್ಟುಹಿಡಿದು, 11 ದಿನ 11 ರಾತ್ರಿ ಮೇಲೆ ಬಾರದೆ ಕುಳಿತರು. ನಾಲ್ಕುನೂರು ವರ್ಷಗಳ ಹಿಂದೆ ಬಲವಂತವಾಗಿ ಇಳಿಸಲ್ಪಟ್ಟವರ ಮಾತನ್ನು ಗುಟ್ಟಾಗಿ ಬರೆದುಕೊಳ್ಳಬೇಕಾಗಿದ್ದಿತು. ಇವರು ತಾವಾಗಿಯೇ ಇಳಿದು, ದೇಶಕ್ಕೆಲ್ಲ ಕೇಳುವಂತೆ ಮಾತನಾಡಿದರು.

ಆದರೆ ಕಾಲ ಅವರ ಗಣಿಗೆ ಪ್ರತಿಕೂಲವಾಗಿದ್ದಿತು. ಈ ಶತಮಾನದ ಮೊದಲ ವರ್ಷಗಳಲ್ಲಿ, ಸುಮಾರು 700 ಮೀಟರು ಆಳಕ್ಕೆ ಇಳಿದಿದ್ದ ಗಣಿಯ ಕೆಲಸ ನಿಂತಿತು. 2003ರ ಹೊತ್ತಿಗೆ ಕುಲುಮೆಗಳೂ ಆರಿದವು. ನೆಲದಲ್ಲಿ ಅದಿರು ಮುಗಿದುದರಿಂದ ಮುಚ್ಚಿದುದಲ್ಲ, ಲೋಕಕ್ಕೆ ಅದು ಬೇಡವಾದುದರಿಂದ ಮುಚ್ಚಿತು. ಯೂರೋಪಿನ ಒಕ್ಕೂಟವು 2011ರ ಮಾರ್ಚಿನಿಂದ ಪಾದರಸದ ರಫ್ತನ್ನೇ ನಿಷೇಧಿಸಿತು. 2013ರಲ್ಲಿ ಮಿನಮಾಟದ ಹೆಸರಿನಲ್ಲಿಯೇ ಅಂತರರಾಷ್ಟ್ರೀಯ ಒಪ್ಪಂದವೊಂದು ಏರ್ಪಟ್ಟು, 2017ರಲ್ಲಿ ಜಾರಿಗೆ ಬಂದಿತು. ಭಾರತವೂ 2018ರಲ್ಲಿ ಅದಕ್ಕೆ ಅನುಮೋದನೆ ನೀಡಿತು.

ಲೋಕಹಿತಕ್ಕಾಗಿ ಕೈಗೊಂಡ ಈ ನಿರ್ಣಯದ ಭಾರವೂ ಅಲ್ಮದೇನಿನ ಮೇಲೆಯೇ ಬಿದ್ದಿತು. ಬೇರೆ ಕಸುಬನ್ನರಿಯದ ಊರು ಅದು. ಯುವಕರು ಕೆಲಸವನ್ನರಸಿ ಮ್ಯಾಡ್ರಿಡ್ ಮೊದಲಾದ ನಗರಗಳಿಗೆ ಹೊರಟರು. ಜನಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ತಂದೆಯನ್ನು ನಡುಗಿಸಿದ ಗಣಿ ಮುಚ್ಚಿತೆಂದು ಮಗನು ಸಂತೋಷಪಡುವಂತಿರಲಿಲ್ಲ. ಮನೆಯ ಒಲೆ ಉರಿಯುತ್ತಿದ್ದುದೂ ಆ ಗಣಿಯಿಂದಲೇ.

ಉಳಿದುಕೊಂಡ ನೆನಪು

ಊರಿನವರು ಕೈಕಟ್ಟಿ ಕುಳಿತಿಲ್ಲ. 2008ರಿಂದ ಗಣಿಯು ಸಂದರ್ಶಕರಿಗೆ ತೆರೆದ ವಸ್ತುಸಂಗ್ರಹಾಲಯವಾಗಿದೆ. ತೊಟ್ಟಿಲಿನಂತಹ ಪಂಜರದಲ್ಲಿ 50 ಮೀಟರು ಆಳಕ್ಕೆ ಇಳಿದು, ಹಳೆಯ ಸುರಂಗಗಳನ್ನೂ ಕೈದಿಗಳು ನಡೆದ ದಾರಿಯನ್ನೂ ನೋಡಿ, ಗಣಿಯ ಪುಟ್ಟ ರೈಲಿನಲ್ಲಿ ಹೊರಬರಬಹುದು. ಶತಮಾನಗಳಿಂದ ಬೆಳೆದಿದ್ದ ಗಣಿಕಸದ ಗುಡ್ಡವನ್ನು ಭದ್ರವಾಗಿ ಮುಚ್ಚಿ, ಅದರ ಮೇಲೆ ಹಸುರನ್ನು ಬೆಳೆಸಿದ್ದಾರೆ. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಅಲ್ಮದೇನನ್ನೂ ಸ್ಲೊವೇನಿಯದ ಇದ್ರಿಯಾ ಎಂಬ ಇನ್ನೊಂದು ಪಾದರಸದ ಊರನ್ನೂ ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗಣಿವಿದ್ಯೆಯ ಪಾಠಗಳು ಊರಿನ ವಿಶ್ವವಿದ್ಯಾಲಯ ಶಾಲೆಯಲ್ಲಿ ಈಗಲೂ ನಡೆಯುತ್ತವೆ.

ಸಂತ ರಫಾಯೆಲನ ಆಸ್ಪತ್ರೆಯಲ್ಲಿ ಈಗ ರೋಗಿಗಳಿಲ್ಲ. ಗಣಿಗಾರರ ಬದುಕನ್ನು ಹೇಳುವ ವಸ್ತುಗಳೂ ಗಣಿಯ ಹಳೆಯ ದಾಖಲೆಗಳೂ ಅಲ್ಲಿವೆ. ಎಷ್ಟು ಸೀಸೆ ಪಾದರಸ ಯಾವ ಊರಿಗೆ ಹೋಯಿತು, ಯಾರಿಗೆ ಎಷ್ಟು ಲಾಭ ಬಂದಿತು ಎಂಬ ಲೆಕ್ಕವನ್ನು ಅರಸರೂ ಸಾಹುಕಾರರೂ ಬಹು ಜೋಪಾನವಾಗಿ ಇಟ್ಟಿದ್ದರು. ಆ ಪಾದರಸವನ್ನು ಎತ್ತಿದವರ ಲೆಕ್ಕವನ್ನು ಬರೆದವರು ಕೆಲವರೇ: ಒಬ್ಬ ಕಾದಂಬರಿಕಾರ, ಒಬ್ಬ ಪ್ರವಾಸಿ, ಒಬ್ಬ ವೈದ್ಯ. ಅಲ್ಮದೇನಿನ ನಿಜವಾದ ಚರಿತ್ರೆಯನ್ನು ತಿಳಿಯಬಯಸುವವರು ಇಂದು ಮೊದಲು ತೆರೆಯುವುದು ಆ ಮೂವರು ಬರೆದಿಟ್ಟ ಹಾಳೆಗಳನ್ನೇ.